ಕಾಣದ ಮಗುವಿಗೂ ಕರಿಹಲಗೆ ತಲುಪಲಿ

ಶಿಕ್ಷಕರೇ, ಕರಿಹಲಗೆಯ ಮೇಲೆ ಬರೆಯುವುದನ್ನೆಲ್ಲ ಬಾಯಿಬಿಟ್ಟು ಹೇಳಿ. ‘ಇದಕ್ಕೆ ಇದನ್ನು ಕೂಡಿಸಿದರೆ’ ಎಂದರೆ ದೃಷ್ಟಿದೋಷವಿರುವ ಮಗುವಿಗೆ ಏನೂ ಸಿಗುವುದಿಲ್ಲ. ‘ಮೂರನೇ ಎರಡಕ್ಕೆ ಐದನೇ ಒಂದು ಕೂಡಿಸಿ’ ಎನ್ನಿ. ಪ್ರಶ್ನೆ ಕೇಳುವಾಗ ಮೊದಲು ಹೆಸರು ಕರೆಯಿರಿ, ಬೆರಳು ತೋರಿಸಬೇಡಿ.

ಮಂದದೃಷ್ಟಿಯ ಮಗುವನ್ನು ಯೋಚಿಸದೆ ಮೊದಲ ಬೆಂಚಿಗೆ ಕೂರಿಸುವುದು ಸಾಮಾನ್ಯ ತಪ್ಪು. ಕಿಟಕಿಯ ಬೆಳಕು ಹಲಗೆಯ ಮೇಲೆ ಹೊಳೆದರೆ ಮುಂದಿನ ಸಾಲೂ ವ್ಯರ್ಥ. ಎರಡು ಮೂರು ಜಾಗದಲ್ಲಿ ಕೂರಿಸಿ, ಎಲ್ಲಿ ಓದಲಾಗುತ್ತದೆಂದು ಅವನನ್ನೇ ಕೇಳಿ. ದೊಡ್ಡಕ್ಷರದ ಪ್ರತಿ 18 ಪಾಯಿಂಟ್ ಗಾತ್ರದಿಂದ ಶುರುವಾಗಲಿ. ಕನ್ನಡದ ಒತ್ತಕ್ಷರಗಳು ತೀರಾ ಚಿಕ್ಕವಾದ್ದರಿಂದ ಹಲವರಿಗೆ 24 ಬೇಕಾಗುತ್ತದೆ.

ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ಕೊಡುವುದಾದರೆ ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಟೈಪಿಸಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ) ಫಾಂಟಿನ ಕಡತ ಪರದೆಯಲ್ಲಿ ಚಂದ ಕಾಣುತ್ತದೆ, ಆದರೆ ಎನ್‌ವಿಡಿಎಯಂಥ ಪರದೆ ಓದುಗ (ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರುತ್ತದೆ. ಪುಟದ ಫೋಟೋ ಕಳಿಸಿದರೆ ಅದನ್ನು ನೇರವಾಗಿ ಓದಲಾರದು.

ಬ್ರೈಲ್ ಸ್ಲೇಟಿನಲ್ಲಿ (ಬ್ರೈಲ್ ಚುಕ್ಕಿಗಳನ್ನು ಒಂದೊಂದಾಗಿ ಚುಚ್ಚಿ ಬರೆಯುವ ಚೌಕಟ್ಟು) ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ಹಾಗಾಗಿ ಡಿಕ್ಟೇಶನ್ ನಿಧಾನವಾಗಿರಲಿ. ಮಾಮೂಲಿ ನೋಟ್‌ಬುಕ್ ಹಾಳೆ ಹರಿಯುತ್ತದೆ, ದಪ್ಪ ಕಾಗದ ಬೇಕು. ಲೆಕ್ಕಕ್ಕೆ ಟೇಲರ್ ಫ್ರೇಮ್ (ರಂಧ್ರಗಳಲ್ಲಿ ಲೋಹದ ಅಚ್ಚುಗಳನ್ನು ನಿಲ್ಲಿಸಿ ಮುಟ್ಟಿ ಲೆಕ್ಕ ಮಾಡುವ ಹಲಗೆ) ಅಥವಾ ಅಬ್ಯಾಕಸ್ (ಮಣಿಚೌಕಟ್ಟು). ರೇಖಾಚಿತ್ರಕ್ಕೆ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಅಂಟಿಸಿ. ಒಂದು ಹಾಳೆಗೆ ಒಂದೇ ಚಿತ್ರ, ಇಲ್ಲದಿದ್ದರೆ ಬೆರಳಿಗೆ ಗೊಂದಲ.

ಡೆಸ್ಕ್ ಸರಿಸಿದರೆ ತಪ್ಪದೆ ತಿಳಿಸಿ. ಬಾಗಿಲು ಪೂರ್ತಿ ತೆರೆದಿರಲಿ ಇಲ್ಲವೇ ಪೂರ್ತಿ ಮುಚ್ಚಿರಲಿ, ಅರೆತೆರೆದದ್ದೇ ಹಣೆಗೆ ಬಡಿಯುವುದು.

ಪರೀಕ್ಷೆಯ ಲಿಪಿಕಾರ (ಮಗು ಹೇಳಿದ ಉತ್ತರ ಬರೆಯುವವನು), ಹೆಚ್ಚುವರಿ ಸಮಯಕ್ಕೆ (2018ರ ಕೇಂದ್ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂದಿತ್ತು) ಅರ್ಜಿಯನ್ನು ಮೊದಲೇ ಹಾಕಿ. ಲಿಪಿಕಾರನೊಂದಿಗೆ ಒಂದೆರಡು ಕಿರುಪರೀಕ್ಷೆಗಳಲ್ಲಾದರೂ ಅಭ್ಯಾಸವಾಗಿರಲಿ.