ಚುಕ್ಕಿಯ ಮೊದಲ ಹೆರಿಗೆಗೆ ನಾನು ಮನೆ ಸಜ್ಜು ಮಾಡಿದ್ದು

"ಬೀದಿ ನಾಯಿಗಳು ಯಾರ ಸಹಾಯವೂ ಇಲ್ಲದೆ ಮರಿ ಹಾಕಲ್ವಾ? ನಿನ್ನದೇನು ಇಷ್ಟೊಂದು ತಯಾರಿ?" ಅಂತ ಕೇಳಿದವರೇ ಜಾಸ್ತಿ. ಹಾಕುತ್ತವೆ, ನಿಜ. ಆ ಮರಿಗಳಲ್ಲಿ ಎಷ್ಟು ಉಳಿದವು ಅಂತ ಈ ಪ್ರಶ್ನೆ ಕೇಳುವವರು ಎಣಿಸಿರುವುದಿಲ್ಲ, ಅಷ್ಟೇ.

ಚುಕ್ಕಿ ನಮ್ಮ ಲ್ಯಾಬ್ರಡಾರ್. ಹೆರುವ ಕೆಲಸ ಅವಳದು, ಅದರಲ್ಲಿ ನಾವು ಕೈ ಹಾಕುವುದು ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಬೆಚ್ಚಗಿರುವ, ಒಣಗಿರುವ, ಗಲಾಟೆ ಇಲ್ಲದ ಜಾಗ ಒದಗಿಸುವುದು ಮನೆಯವರ ಪಾಲು. ಈ ಮೂರರಲ್ಲಿ ಬೆಚ್ಚಗಿಡುವುದೇ ಕಷ್ಟದ್ದು. ಉಳಿದದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ.

ಮೊದಲು ತಾರೀಖಿನ ಲೆಕ್ಕ. ನಾಯಿಯ ಗರ್ಭ ಸುಮಾರು 63 ದಿನ ಅನ್ನುತ್ತಾರೆ. ಕೂಡಿಸಿದ ದಿನದಿಂದ ಎಣಿಸಿದರೆ 58ರಿಂದ 68 ದಿನದ ಒಳಗೆ ಯಾವಾಗ ಬೇಕಾದರೂ ಆಗಬಹುದು. ಹಾಗಾಗಿ 63ಕ್ಕೆ ಎರಡು ವಾರ ಮುಂಚೆಯೇ ಪೆಟ್ಟಿಗೆ ಜಾಗದಲ್ಲಿ ಕೂತಿರಬೇಕು ಅಂತ ನಿರ್ಧರಿಸಿದೆ. ಆ ಎರಡು ವಾರ ನಮಗಲ್ಲ, ಅವಳಿಗೆ. ಅಲ್ಲೇ ಮಲಗಿ ರೂಢಿಯಾಗದಿದ್ದರೆ, ನೋವು ಶುರುವಾದಾಗ ಅವಳು ಮಂಚದ ಕೆಳಗೋ ಬಟ್ಟೆಯ ಕಪಾಟಿನಲ್ಲೋ ಜಾಗ ಹುಡುಕಿಕೊಳ್ಳುತ್ತಾಳೆ. 55 ದಿನ ದಾಟಿದ ಮೇಲೆ ಎಕ್ಸ್-ರೇ ತೆಗೆಸಿದೆವು. ಆ ಹೊತ್ತಿಗೆ ಮರಿಗಳ ಮೂಳೆ ಚೆನ್ನಾಗಿ ಕಾಣುತ್ತದೆ, ತಲೆ ಎಣಿಸಬಹುದು. ಏಳು ಕಂಡವು. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ, ರಾತ್ರಿ ಮೂರಕ್ಕೆ "ಇನ್ನೂ ಒಳಗಿದೆಯಾ, ಮುಗಿಯಿತಾ" ಅಂತ ಒದ್ದಾಡಬೇಕಿಲ್ಲ.

ಜಾಗಕ್ಕೆ ಹಿಂದಿನ ಕೋಣೆ ಆರಿಸಿದೆ. ಬಾಗಿಲು ಒಂದೇ, ಬಂದು ಹೋಗುವವರು ಕಡಿಮೆ, ನೆಲ ತೊಳೆಯಬಹುದು. ಪೆಟ್ಟಿಗೆಯನ್ನು ಕಿಟಕಿಯ ಗಾಳಿ ನೇರ ಬೀಳದ ಮೂಲೆಗೆ ಹಾಕಿದೆ. ಪಕ್ಕದಲ್ಲೇ ನನ್ನ ಹಾಸಿಗೆ. ನಮ್ಮ ಮನೆಯಲ್ಲಿ ಇನ್ನೊಂದು ಮುದಿ ನಾಯಿ ಇದೆ, ಅವನಿಗೆ ಆ ಕೋಣೆ ಬಂದ್. ಹೆರಿಗೆಗೆ ಮುಂಚಿನ ಮೂರು ವಾರ, ಆಮೇಲಿನ ಮೂರು ವಾರ ತಾಯಿಯನ್ನು ಬೇರೆ ನಾಯಿಗಳಿಂದ ದೂರ ಇಡಿ ಅಂತ ಡಾಕ್ಟರ್ ಮೇಡಂ ಒತ್ತಿ ಹೇಳಿದ್ದರು. ದೊಡ್ಡ ನಾಯಿಗೆ ಸುಮ್ನೆ ನೆಗಡಿಯ ಹಾಗೆ ಬಂದು ಹೋಗುವ ಹರ್ಪಿಸ್ ವೈರಸ್ ಎಳೆ ಮರಿಗಳ ಜೀವ ತೆಗೆಯಬಲ್ಲದು. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ, ಕೈ ತೊಳೆಯಲು ಸೋಪು ಇಟ್ಟೆ. ಮರಿ ನೋಡಲು ಬರುತ್ತೇವೆ ಅಂದ ನೆಂಟರಿಗೆ ಮೂರು ವಾರ ಕಳೆದ ಮೇಲೆ ಬನ್ನಿ ಅಂದೆ. ಇಬ್ಬರು ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ.

ಪೆಟ್ಟಿಗೆಯನ್ನು ಪ್ಲೈವುಡ್‌ನಲ್ಲಿ ಬಡಗಿಯಿಂದ ಮಾಡಿಸಿದೆ. ಉದ್ದ ನಾಲ್ಕು ಅಡಿ, ಅಗಲ ನಾಲ್ಕು ಅಡಿ. ಚುಕ್ಕಿ ಕಾಲು ಚಾಚಿ ಮಲಗಿದರೂ ಸುತ್ತ ಮರಿಗಳಿಗೆ ಜಾಗ ಉಳಿಯಬೇಕು. ಹಾಗಂತ ವಿಪರೀತ ದೊಡ್ಡದಾದರೆ ಮರಿ ತಾಯಿಯಿಂದ ದೂರ ಉರುಳಿ ತಣ್ಣಗಾಗುತ್ತದೆ. ಮೂರು ಕಡೆ ಒಂದೂವರೆ ಅಡಿ ಗೋಡೆ. ಮುಂದಿನ ಕಡೆ ಮಾತ್ರ ಹಲಗೆಗಳನ್ನು ಒಂದರ ಮೇಲೊಂದು ಕೂರಿಸುವ ಹಾಗೆ ಸೀಳು ಕೊರೆಸಿದೆ. ಶುರುವಿಗೆ ಒಂದೇ ಹಲಗೆ ಸಾಕು, ಹೊಟ್ಟೆ, ಮೊಲೆ ತಗುಲದೆ ತಾಯಿ ದಾಟಬೇಕಲ್ಲ.

ಪೆಟ್ಟಿಗೆಯಲ್ಲಿ ಬಿಡಲೇಬಾರದ ಭಾಗ ಒಳಗಿನ ಅಡ್ಡಪಟ್ಟಿ. ಗೋಡೆಯಿಂದ ನಾಲ್ಕು ಇಂಚು ಒಳಗೆ, ನೆಲದಿಂದ ನಾಲ್ಕು ಇಂಚು ಮೇಲೆ, ಸುತ್ತಲೂ ಒಂದು ದುಂಡನೆಯ ಕೋಲು. ತಾಯಿ ಗೋಡೆಗೆ ಒರಗಿ ಮಲಗಿದಾಗ ಬೆನ್ನ ಹಿಂದೆ ಸಿಕ್ಕಿಬಿದ್ದ ಮರಿಗೆ ಈ ಸಂದಿಯಲ್ಲಿ ಉಸಿರಾಡಲು ಜಾಗ ಇರುತ್ತದೆ. ಚೊಚ್ಚಲ ತಾಯಿಗೆ ತನ್ನ ಮೈ ಕೆಳಗೆ ಏನಿದೆ ಅನ್ನುವ ಗಮನ ಕಡಿಮೆ. ಮೊದಲ ವಾರದಲ್ಲೇ ಎರಡು ಸಲ ಒಂದು ಮರಿ ಆ ಸಂದಿಯಲ್ಲಿ ಮಲಗಿದ್ದು ನೋಡಿದೆ. ಚಂದದ ಬಣ್ಣ, ಹೆಸರು ಬರೆದ ಫಲಕ ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ. ಈ ಕೋಲು ಇಲ್ಲದ ಪೆಟ್ಟಿಗೆ ನನಗೆ ಬೇಡ.

ಹಾಸಿಗೆ ಹೀಗೆ: ಕೆಳಗೆ ದಪ್ಪಗೆ ನ್ಯೂಸ್‌ಪೇಪರ್, ಮೇಲೆ ಒದ್ದೆಯನ್ನು ಕೆಳಕ್ಕೆ ಬಿಡುವ ಉಣ್ಣೆಯಂಥ ಹಾಸು. ಮೂರು ಹಾಸು ಬೇಕು. ಒಂದು ಪೆಟ್ಟಿಗೆಯಲ್ಲಿ, ಒಂದು ನೀರಿನಲ್ಲಿ, ಒಂದು ಒಣಗಲು. ಬರೀ ಪೇಪರ್ ಆದರೆ ಜಾರುತ್ತದೆ. ಜಾರುವ ನೆಲದಲ್ಲಿ ಮರಿಗಳ ಹಿಂಗಾಲು ಅಗಲವಾಗಿ ಹರಡಿಕೊಂಡು, ಎದ್ದು ನಿಲ್ಲುವುದೇ ತಡವಾಗಬಹುದು. ಮರದ ಹೊಟ್ಟು ಬೇಡ, ಮೂಗಿಗೆ ಬಾಯಿಗೆ ಹೋಗುತ್ತದೆ. ನೂಲು ಬಿಟ್ಟುಕೊಂಡ ಹಳೆಯ ಬಟ್ಟೆಯೂ ಬೇಡ, ಎಳೆ ಕಾಲಿಗೆ ಸುತ್ತಿಕೊಂಡರೆ ರಕ್ತ ನಿಲ್ಲುತ್ತದೆ.

ಇನ್ನು ಬಿಸಿಯ ವಿಷಯ. ಹುಟ್ಟಿದ ಮರಿಗೆ ತನ್ನ ಮೈ ತಾನೇ ಬಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ಚಳಿಯಾದರೆ ನಡುಗುವ ಶಕ್ತಿಯೂ ಮೊದಲ ದಿನಗಳಲ್ಲಿ ಇಲ್ಲ. ತಣ್ಣಗಾದ ಮರಿ ಹಾಲು ಚೀಪುವುದಿಲ್ಲ. ನಾವು ಕುಡಿಸಿದರೂ ಹೊಟ್ಟೆಯಲ್ಲಿ ಅರಗುವುದಿಲ್ಲ. ಅದಕ್ಕೇ ತಣ್ಣಗಾದ ಮರಿಯನ್ನು ಮೊದಲು ನಿಧಾನಕ್ಕೆ ಬೆಚ್ಚಗೆ ಮಾಡಬೇಕು, ಆಮೇಲೇ ಹಾಲು. ಮೊದಲ ವಾರ ಮರಿಗಳು ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರದಿಂದ ವಾರಕ್ಕೆ ಇಳಿಸುತ್ತಾ ನಾಲ್ಕನೇ ವಾರಕ್ಕೆ 24ರ ಆಸುಪಾಸಿಗೆ ತರಬಹುದು.

ತೊಡಕು ಇರುವುದು ಇಲ್ಲೇ. 30 ಡಿಗ್ರಿಯಲ್ಲಿ, ಮೈ ತುಂಬ ಕೂದಲಿರುವ ತಾಯಿ ಏದುಸಿರು ಬಿಡುತ್ತಾ ಎದ್ದು ಹೊರಗೆ ಹೋಗುತ್ತಾಳೆ. ಅವಳು ಹೋದರೆ ಹಾಲೂ ಹೋಯಿತು, ಮೈ ಬಿಸಿಯೂ ಹೋಯಿತು. ಆದ್ದರಿಂದ ಕೋಣೆಯನ್ನೆಲ್ಲ ಕಾಯಿಸಬಾರದು. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಬಿಸಿ, ಎದುರಿನ ಮೂಲೆ ತಂಪು. ಯಾರಿಗೆ ಎಲ್ಲಿ ಬೇಕೋ ಅಲ್ಲಿಗೆ ಅವರೇ ಸರಿದುಕೊಳ್ಳುತ್ತಾರೆ. ನಾನು ಒಂದು ಹೀಟ್ ಲ್ಯಾಂಪನ್ನು ಸರಪಳಿಯಲ್ಲಿ ತೂಗುಹಾಕಿದೆ. ವೈರಿನಲ್ಲಿ ನೇತುಹಾಕಬೇಡಿ. ಬಿದ್ದರೆ ಕೆಳಗಿರುವುದೆಲ್ಲ ಪೇಪರು, ಬಟ್ಟೆ. ಸರಪಳಿಯ ಕೊಂಡಿ ಬದಲಿಸಿ ಎತ್ತರ ಏರಿಸಿದೆ, ಇಳಿಸಿದೆ. ಥರ್ಮಾಮೀಟರನ್ನು ಗೋಡೆಗಲ್ಲ, ಹಾಸಿನ ಮೇಲೆ, ಮರಿ ಮಲಗುವ ಮಟ್ಟದಲ್ಲೇ ಇಟ್ಟೆ. ಚುಕ್ಕಿ ಮರಿ ಹಾಕುವ ಮುಂಚೆಯೇ ಖಾಲಿ ಪೆಟ್ಟಿಗೆಯಲ್ಲಿ ಇಡೀ ರಾತ್ರಿ ದೀಪ ಉರಿಸಿ ನೋಡಿದೆ. ಸಂಜೆ ಸರಿಯಿದ್ದ ಎತ್ತರ ಬೆಳಗಿನ ಜಾವಕ್ಕೆ ಸಾಲುತ್ತಿರಲಿಲ್ಲ. ಇದು ಮೊದಲೇ ಗೊತ್ತಾಗಿದ್ದು ಬಹಳ ಉಪಯೋಗಕ್ಕೆ ಬಂತು. ಕರೆಂಟು ಹೋದರೆ ಅಂತ ಎರಡು ಬಿಸಿನೀರಿನ ಚೀಲ, ಸುತ್ತಲು ಟವೆಲ್ ಕೂಡ ತೆಗೆದಿಟ್ಟಿದ್ದೆ.

ಥರ್ಮಾಮೀಟರಿಗಿಂತ ಮರಿಗಳನ್ನು ನೋಡಿದರೆ ಬೇಗ ಗೊತ್ತಾಗುತ್ತದೆ. ಒಂದರ ಮೇಲೊಂದು ಗುಪ್ಪೆಯಾಗಿ ಬಿದ್ದು ಕುಂಯ್‌ಗುಡುತ್ತಿದ್ದರೆ ಚಳಿ. ಒಂದೊಂದೂ ಒಂದೊಂದು ಮೂಲೆಗೆ ಹೋಗಿ ಬಾಯಿ ತೆರೆದುಕೊಂಡಿದ್ದರೆ ಸೆಕೆ. ಪಕ್ಕಪಕ್ಕದಲ್ಲಿ ಸಡಿಲವಾಗಿ ಮಲಗಿ ನಿದ್ದೆಯಲ್ಲೇ ಆಗಾಗ ಮೈ ಅದುರಿಸುತ್ತಿದ್ದರೆ ಸರಿಯಾಗಿದೆ ಅಂತ ಅರ್ಥ.

ಸಾಮಾನುಗಳನ್ನು ಒಂದು ಮುಚ್ಚಳದ ಡಬ್ಬಿಗೆ ತುಂಬಿ ಹಾಸಿಗೆ ಪಕ್ಕ ಇಟ್ಟುಕೊಂಡೆ. ತೊಳೆದ ಟವೆಲ್‌ಗಳು, ಮರಿಗೆ ಎರಡರಂತೆ. ಕೈಗವಸು. ಕುದಿಸಿದ ಕತ್ತರಿ. ಹೊಕ್ಕುಳ ಬಳ್ಳಿ ಕಟ್ಟಲು ಹಲ್ಲಿನ ಸಂದಿ ತೆಗೆಯುವ ದಾರ, ಪರಿಮಳ ಇಲ್ಲದ್ದು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಔಷಧಿ. ಮೂಗು ಬಾಯಿಯ ಲೋಳೆ ಎಳೆಯಲು ಎಳೆಕೂಸುಗಳಿಗೆ ಬಳಸುವ ರಬ್ಬರ್ ಬುಗ್ಗೆ. ಕಸದ ಚೀಲ. ಮುಂದಿನ ಮರಿ ಬರುವಾಗ ಹುಟ್ಟಿದವನ್ನು ಇಡಲು ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಬಿಸಿನೀರಿನ ಚೀಲ. ಆಸ್ಪತ್ರೆಗೆ ಓಡಬೇಕಾದರೂ ಇದೇ ಪೆಟ್ಟಿಗೆ. ಮರಿಗಳ ಹಾಲಿನ ಪುಡಿ, ಚಿಕ್ಕ ಬಾಟಲಿ. ಹಸುವಿನ ಹಾಲು ಇದಕ್ಕೆ ಬದಲಿಯಲ್ಲ, ಅದರಲ್ಲಿ ಕೊಬ್ಬು, ಪ್ರೋಟೀನ್ ಎರಡೂ ನಾಯಿ ಹಾಲಿಗಿಂತ ಬಹಳ ಕಡಿಮೆ.

ಇಷ್ಟರಲ್ಲಿ ಹೆಚ್ಚಿನವು ಕೈಗೆ ಬರಲೇ ಇಲ್ಲ. ಕತ್ತರಿ ಒಂದೇ ಮರಿಗೆ ಬೇಕಾಯಿತು, ಉಳಿದವುಗಳ ಬಳ್ಳಿ ಚುಕ್ಕಿಯೇ ಕಡಿದಳು. ನಾನು ಕಡಿದಾಗ ಹೊಟ್ಟೆಯಿಂದ ಒಂದು ಇಂಚು ಬಿಟ್ಟು ದಾರ ಕಟ್ಟಿ, ಗಂಟಿನ ಆಚೆ ಕತ್ತರಿಸಿ, ತುದಿಯನ್ನು ಅಯೋಡಿನ್‌ನಲ್ಲಿ ಅದ್ದಿದೆ. ಹಾಲಿನ ಡಬ್ಬಿಯ ಸೀಲು ಒಡೆಯಲೇ ಇಲ್ಲ.

ದಿನಾ ಕೈಗೆ ಬಂದದ್ದು ಮೂರೇ: ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಬಣ್ಣದ ಉಣ್ಣೆ ದಾರ, ನೋಟ್‌ಬುಕ್. ಏಳು ಹಳದಿ ಮರಿಗಳನ್ನು ಗುರುತು ಹಿಡಿಯಲು ಕುತ್ತಿಗೆಗೆ ಒಂದೊಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ, ಬೆಳೆದಂತೆ ಬದಲಿಸಿದೆ. ಬೆಳಿಗ್ಗೆ, ಸಂಜೆ ತೂಕ. ಮೊದಲ ದಿನ ಸ್ವಲ್ಪ ಇಳಿಯಬಹುದು. ಆಮೇಲೆ ದಿನಕ್ಕೆ ನೂರಕ್ಕೆ ಐದರಿಂದ ಹತ್ತರಷ್ಟು ಏರಬೇಕು. ಹತ್ತು ದಿನದ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು. ಮರಿ ಸೊರಗುತ್ತಿರುವುದು ಕಣ್ಣಿಗೆ ಕಾಣುವ ಮುಂಚೆ ತಕ್ಕಡಿಯಲ್ಲಿ ಕಾಣುತ್ತದೆ. ನೀಲಿ ದಾರದವನು ಎರಡು ಹೊತ್ತು ಏರಲಿಲ್ಲ. ಅವನನ್ನು ಹಾಲು ಜಾಸ್ತಿ ಇರುವ ಹಿಂದಿನ ಮೊಲೆಗೆ ಹಚ್ಚಿ, ಉಳಿದವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಟ್ಟರೆ ಸಾಕಾಯಿತು. ಮೊದಲ ದಿನದ ಗಿಣ್ಣು ಹಾಲಿನ ವಿಷಯದಲ್ಲೂ ನೋಟ್‌ಬುಕ್ಕೇ ನೆನಪು. ಹುಟ್ಟಿದ ಹನ್ನೆರಡು ಗಂಟೆಯೊಳಗೆ ಪ್ರತಿ ಮರಿಯೂ ಕುಡಿದಿರಬೇಕು. ಕುಡಿದದ್ದಕ್ಕೆ ಒಂದೊಂದು ಟಿಕ್ ಹಾಕಿದೆ.

ಕೊನೆಯ ವಾರ ಚುಕ್ಕಿಯ ಮೈ ಬಿಸಿಯನ್ನು ದಿನಕ್ಕೆ ಮೂರು ಹೊತ್ತು ಬರೆದಿಟ್ಟೆ. ನಾಯಿಯ ಮಾಮೂಲಿ ಶಾಖ 38ರಿಂದ 39 ಡಿಗ್ರಿ. ಅದು 37.2ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹೆರಿಗೆ ಶುರು. ಅದೇ ವಾರ ಮೊಲೆಗಳ ಸುತ್ತ, ಬಾಲದ ಕೆಳಗಿನ ಉದ್ದ ಕೂದಲನ್ನೂ ಕತ್ತರಿಸಿದೆ.

ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೆ, ದೊಡ್ಡ ಅಕ್ಷರದಲ್ಲಿ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ ಫೋನ್. ಒಳಗೆ ಮರಿ ಇದ್ದೂ, ಹಿಂದಿನದು ಹುಟ್ಟಿ ಎರಡು ಗಂಟೆ ದಾಟಿದರೆ ಫೋನ್. ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಕಂಡರೆ ತಡ ಮಾಡದೆ ಫೋನ್. ಮೈ ಬಿಸಿ ಇಳಿದು ಒಂದು ದಿನ ಕಳೆದರೂ ಏನೂ ಶುರುವಾಗದಿದ್ದರೆ ಫೋನ್. ಹಾಲೂಡಿಸುವ ತಾಯಿ ನಡುಗಿದರೆ, ಕಾಲು ಸೆಟೆದುಕೊಂಡರೆ ಫೋನ್ ಅಲ್ಲ, ನೇರ ಆಸ್ಪತ್ರೆ. ಅದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಲಕ್ಷಣ. ಹಾಗಂತ ಗರ್ಭದಲ್ಲಿರುವಾಗಲೇ ಕ್ಯಾಲ್ಸಿಯಂ ಮಾತ್ರೆ ನುಂಗಿಸುವುದು ಉಲ್ಟಾ ಹೊಡೆಯುತ್ತದೆ. "ನಾನು ಹೇಳದೆ ಒಂದು ಮಾತ್ರೆನೂ ಕೊಡಬೇಡಿ" ಅಂತ ಮೇಡಂ ಎಚ್ಚರಿಸಿದ್ದರು. ಚೀಟಿಯ ಕೆಳಗೆ ಅವರ ನಂಬರ್, ಅದರ ಕೆಳಗೆ ರಾತ್ರಿ ಬಾಗಿಲು ತೆರೆದಿರುವ ಆಸ್ಪತ್ರೆಯ ನಂಬರ್. ರಾತ್ರಿ ನಿಜವಾಗಿಯೂ ಯಾರಾದರೂ ಎತ್ತುತ್ತಾರಾ ಅಂತ ಮೊದಲೇ ಒಂದು ಸಲ ಕರೆ ಮಾಡಿ ನೋಡಿಕೊಂಡೆ.

ಮೂರನೇ ವಾರಕ್ಕೆ ಪೆಟ್ಟಿಗೆಗೆ ಎರಡನೇ ಹಲಗೆ ಬಿತ್ತು, ಬೇಗನೆ ಮೂರನೆಯದೂ ಬೇಕಾಯಿತು. ಮರಿಗಳು ದಪ್ಪಗಾಗಿ ಕೋಲಿನ ಕೆಳಗೆ ಸಿಕ್ಕಿಕೊಳ್ಳುವ ಮುಂಚೆ ಅಡ್ಡಪಟ್ಟಿ ಬಿಚ್ಚಿದೆ. ಎದುರಿನ ತಂಪು ಮೂಲೆಯ ಹಾಸು ತೆಗೆದು ಬರೀ ಪೇಪರ್ ಹಾಕಿದೆ. ಮಲಗುವ ಜಾಗ ಬಿಟ್ಟು ಅಲ್ಲಿಗೇ ಹೋಗಿ ಉಚ್ಚೆ ಹೊಯ್ಯಲು ಅವು ತಾವಾಗಿಯೇ ಕಲಿತವು.