ಮಕ್ಕಳ ಜೊತೆ ಸೈಕಲ್ ಮೇಲೆ ಧಾರವಾಡ: ಹೊಸದಾಗಿ ಬಂದ ಕುಟುಂಬಗಳಿಗೆ

ವರ್ಗಾವಣೆಯಾಗಿ ಬಂದವರು ನಮ್ಮ ಸಂಘಕ್ಕೆ ಬಂದಾಗ ಮೊದಲು ಕೇಳುವುದು ಶಾಲೆ, ಬಾಡಿಗೆ ಮನೆ, ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ ಅಂತ. ಅದೆಲ್ಲ ಬೇರೆ ಪುಟಗಳಲ್ಲಿದೆ. ಈ ಪುಟ ನಿಮ್ಮ ಮೊದಲ ಭಾನುವಾರಕ್ಕೆ. ಅರ್ಧ ಸಾಮಾನು ಇನ್ನೂ ಬಾಕ್ಸಿನಲ್ಲೇ ಇರಲಿ, ಪರವಾಗಿಲ್ಲ. ಸೈಕಲ್ ಹೊರಗೆ ತೆಗೆಯಿರಿ.

ಕಾರಿನ ಕಿಟಕಿಯಿಂದ ನೋಡಿದ ಊರು ಮಕ್ಕಳ ತಲೆಯಲ್ಲಿ ಉಳಿಯುವುದಿಲ್ಲ. ಯಾವ ದಿನ್ನೆ ಏರುವಾಗ ಕಾಲು ನೋಯಿತು, ಎಲ್ಲಿ ಇಳಿದು ಏನು ತಿಂದೆವು, ಅದು ಉಳಿಯುತ್ತದೆ. ಹಾಗಾಗಿ ದೂರ ಲೆಕ್ಕ ಹಾಕಬೇಡಿ. ಎಷ್ಟು ಕಡೆ ನಿಲ್ಲುತ್ತೀರಿ ಅನ್ನುವುದೇ ಮುಖ್ಯ.

ಹಿಂದಿನ ದಿನ ಸಂಜೆಯೇ ಗಾಳಿ ಹೊಡೆಸಿ, ಬ್ರೇಕ್ ನೋಡಿಕೊಳ್ಳಿ. ಬ್ರೇಕ್ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಧಾರವಾಡ ಸಪಾಟು ಊರಲ್ಲ. ಏರು, ಇಳಿಜಾರು, ಮತ್ತೆ ಏರು. ಮೈದಾನದಲ್ಲಿ ಸೈಕಲ್ ಕಲಿತ ಮಗು ಮೊದಲ ಇಳಿಜಾರಿನಲ್ಲಿ ಗಾಬರಿಯಾಗುತ್ತದೆ. ಇಳಿಯುವಾಗ ಎರಡೂ ಬ್ರೇಕ್ ಸ್ವಲ್ಪ ಸ್ವಲ್ಪ ಹಿಡಿಯುವುದನ್ನು ಓಣಿಯಲ್ಲೇ ಕಲಿಸಿಬಿಡಿ. ಹೆಲ್ಮೆಟ್ ಎಲ್ಲರಿಗೂ ಇರಲಿ. ದೊಡ್ಡವರೊಬ್ಬರು ಮುಂದೆ, ಒಬ್ಬರು ಕೊನೆಗೆ, ಮಕ್ಕಳು ನಡುವೆ. ಸರ್ಕಲ್ ಬಂತೋ, ಇಳಿದು ತಳ್ಳಿಕೊಂಡು ದಾಟಿ.

ಬೆಳಿಗ್ಗೆ ಆರೂವರೆಗೆ ಹೊರಟರೆ ಒಳ್ಳೆಯದು. ಕರ್ನಾಟಕ ಕಾಲೇಜಿನಿಂದ ಶುರು ಮಾಡಿ. ಇಲ್ಲಿ ಎಲ್ಲರೂ ಕೆಸಿಡಿ ಅಂತಲೇ ಹೇಳುವುದು, ದಾರಿ ಕೇಳುವಾಗ ನೀವೂ ಹಾಗೇ ಕೇಳಿ. ಕಾಲೇಜು ಶುರುವಾಗಿದ್ದು 1917ರಲ್ಲಿ. ಈ ದೊಡ್ಡ ಕಲ್ಲಿನ ಕಟ್ಟಡ ಅದಕ್ಕೂ ಮೊದಲು ರೈಲ್ವೆ ಕಚೇರಿಯಾಗಿತ್ತು. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಹಳಿ ಎಲ್ಲಿತ್ತು ಅಂತ ಹುಡುಕಲು ಶುರು ಮಾಡುತ್ತಾರೆ.

ಅಲ್ಲಿಂದ ಸಾಧನಕೇರಿ. ಬೇಂದ್ರೆಯವರ ಮನೆ 'ಶ್ರೀಮಾತಾ' ಇರುವುದು ಇಲ್ಲೇ, ಪಕ್ಕದಲ್ಲಿ ಬೇಂದ್ರೆ ಭವನ, ಹತ್ತಿರದಲ್ಲೇ ಕೆರೆ. ಅಷ್ಟು ಬೆಳಿಗ್ಗೆ ಭವನ ತೆರೆದಿರುವುದಿಲ್ಲ. ಇರಲಿ, ಕೆರೆಯ ಬದಿಗೆ ಸುಮ್ನೆ ಹತ್ತು ನಿಮಿಷ ಕೂತರೂ ಸಾಕು.

ಮೊದಲ ಚಾ ಇಲ್ಲಿ, ಅಥವಾ ಮುಂದೆ ಕೆಲಗೇರಿ ರಸ್ತೆಯಲ್ಲಿ ಎಲ್ಲಾದರೂ. ಮೈಸೂರು, ಮಂಗಳೂರು ಕಡೆಯವರಿಗೆ ಒಂದು ಮಾತು. ಇಲ್ಲಿ 'ಬರ್ರಿ, ಕುಂದರ್ರಿ' ಅಂದರೆ ಅದು ಬರೀ ವ್ಯಾಪಾರದ ಮಾತಲ್ಲ, ನಿಜವಾಗಿ ಕೂತುಕೊಳ್ಳಿ. ನೀವೂ 'ಅಣ್ಣಾರ, ಅಕ್ಕಾರ' ಅಂತ ಮಾತಾಡಿಸಿ, ಕೊನೆಗೊಂದು 'ರೀ' ಸೇರಿಸಿ. ಕಳೆದ ಚಳಿಗಾಲದಲ್ಲಿ ನನ್ನ ಮಗಳ ಸೈಕಲ್ ಚೈನ್ ಏರಿನಲ್ಲೇ ಕಳಚಿತು. ನಾನು ಕೈಯೆಲ್ಲ ಕಪ್ಪು ಮಾಡಿಕೊಂಡು ಒದ್ದಾಡುತ್ತಿದ್ದೆ. ಚಾದಂಗಡಿಯ ಅಜ್ಜ ಎದ್ದು ಬಂದು, 'ಬಿಡ್ರಿ, ಸರೀರಿ' ಅಂತ ಒಂದು ಕಡ್ಡಿಯಿಂದ ಚೈನನ್ನು ಹಲ್ಲಿನ ಮೇಲೆ ಕೂರಿಸಿ, ಪೆಡಲ್ ಹಿಂದಕ್ಕೆ ತಿರುಗಿಸಿದರು. ಟಕ್ ಅಂತ ಕೂತಿತು. 'ಹೋಗವ್ವಾ ಇನ್ನ' ಅಂದರು. ಈಗ ನಮ್ಮ ಮನೆಯಲ್ಲಿ ಆ ಜಾಗದ ಹೆಸರೇ 'ಚೈನ್ ಅಜ್ಜನ ಅಂಗಡಿ'.

ಕೆಲಗೇರಿ ಕೆರೆ ಈ ಸುತ್ತಿನ ದೊಡ್ಡ ನಿಲುಗಡೆ. 1911ರ ಸುಮಾರಿಗೆ ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು. ಸೈಕಲ್ ಸ್ಟ್ಯಾಂಡ್ ಹಾಕಿ ಬೀಗ ಹಾಕಿ, ಕಟ್ಟೆಯ ಮೇಲೆ ನಡೆಯಿರಿ. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಮನೆಯಿಂದ ತಂದ ಅವಲಕ್ಕಿ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಬಿಚ್ಚುವುದು ಇಲ್ಲೇ. ಕಾಗದ, ಪ್ಲಾಸ್ಟಿಕ್ ವಾಪಸ್ ಚೀಲದಲ್ಲೇ ತನ್ನಿ. ಪೇರಲ ಹಂಗಾಮಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರು ಕಂಡರೆ ಬಿಡಬೇಡಿ, ಉಪ್ಪು ಖಾರ ಹಚ್ಚಿಸಿಕೊಳ್ಳಿ. ಮೇ ತಿಂಗಳಾದರೆ ಈ ಕಡೆಯ ಆಪೂಸ್ ಮಾವಿನಹಣ್ಣು. ಯೂನಿವರ್ಸಿಟಿ ಗುಡ್ಡ ಹತ್ತುವುದು ದೊಡ್ಡ ಮಕ್ಕಳಿದ್ದರೆ ಮಾತ್ರ, ಅದೂ ಇನ್ನೊಂದು ದಿನ.

ವಾಪಸ್ ಬರುವಾಗ ಲೈನ್ ಬಜಾರ್, ಪೇಡೆಗೆ. ಇದನ್ನು ಕೊನೆಗೇ ಇಟ್ಟುಕೊಳ್ಳಿ, ಅಂಗಡಿ ತೆರೆಯುವ ಹೊತ್ತೂ ಆಗಿರುತ್ತದೆ. ಇಲ್ಲಿ ಜನ ಜಾಸ್ತಿ, ರಸ್ತೆ ಸಣ್ಣದು. ಮಕ್ಕಳನ್ನು ಸೈಕಲ್ ಮೇಲೆ ಬಿಡಬೇಡಿ, ತಳ್ಳಿಕೊಂಡೇ ಹೋಗಿ. ಕ್ಯೂ ಇದ್ದರೆ ನಿಲ್ಲಿ, ನಿಂತದ್ದಕ್ಕೆ ಬೇಜಾರಾಗುವುದಿಲ್ಲ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಇಲ್ಲಿ ನೆಲೆ ನಿಂತು ಮಾಡಿದ ಸಿಹಿ ಇದು. ಹೊರಗಿನಿಂದ ಬಂದವರ ಕೈಯ ತಿನಿಸು ಊರಿನ ಹೆಸರನ್ನೇ ಹೊತ್ತಿದೆ, ನೋಡಿ. ಖೋವಾವನ್ನು ಸಕ್ಕರೆ ಜೊತೆ ಕಂದು ಬಣ್ಣ ಬರುವ ತನಕ ಹುರಿದು, ಉಂಡೆ ಕಟ್ಟಿ, ಸಣ್ಣ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಮುರಿದರೆ ಒಳಗೆ ಮರಳು ಮರಳಾಗಿರಬೇಕು. ಮೆತ್ತಗೆ, ಬೆಳ್ಳಗೆ ಇದ್ದರೆ ಅದು ಬೇರೆ ಪೇಡೆ.

ಗಿರ್ಮಿಟ್ ಮತ್ತು ಮಿರ್ಚಿ ಭಜಿ ಬೆಳಗಿನ ತಿಂಡಿಯಲ್ಲ. ಅದಕ್ಕೆ ಒಂದು ಸಂಜೆ ಬೇರೆಯಾಗಿ ಇಡಿ. ಚುರಮುರಿಗೆ ಹುಳಿ ಬೆಲ್ಲದ ಒಗ್ಗರಣೆ ಕಲಸಿ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಹಾಕಿ ಕೊಟ್ಟ ತಕ್ಷಣ ತಿನ್ನಬೇಕು, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಖಾರ ತಿನ್ನದ ಮಕ್ಕಳಿಗೆ 'ಖಾರ ಕಡಿಮಿ ಹಾಕ್ರಿ' ಅಂತ ಮೊದಲೇ ಹೇಳಿ.

ಹುಬ್ಬಳ್ಳಿಯಲ್ಲಿ ಮನೆ ಮಾಡಿದವರು ಉಣಕಲ್ ಕೆರೆ ಅಥವಾ ತೋಳನಕೆರೆಯ ಸುತ್ತಮುತ್ತ ಶುರು ಮಾಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮುಖ್ಯ ರಸ್ತೆಯಲ್ಲಿ ಮಕ್ಕಳ ಜೊತೆ ಸೈಕಲ್ ಹೊಡೆಯಬೇಡಿ. ಆ ರಸ್ತೆಯ ನಡುವೆ ಚಿಗರಿ ಅನ್ನುವ ವೇಗದ ಬಸ್ಸಿಗೆಂದೇ ಬೇರೆ ದಾರಿ ಇದೆ, ಅದು ಖಾಲಿ ಕಂಡರೂ ಅದರೊಳಗೆ ಇಳಿಯಲೇಬೇಡಿ, ಬಸ್ಸು ಜೋರಾಗಿ ಬರುತ್ತದೆ. ಜೂನ್‌ನಿಂದ ಮಳೆ ಜಿಟಿಜಿಟಿ ಹಿಡಿದರೆ ಬಿಡುವುದೇ ಇಲ್ಲ, ಆಗ ಬ್ರೇಕ್ ಕೂಡ ಜಾರುತ್ತದೆ. ದಸರೆ ಮುಗಿದ ಮೇಲೆ ಫೆಬ್ರವರಿ ತನಕ ಹವೆ ಚೆನ್ನಾಗಿರುತ್ತದೆ.

ಮಕ್ಕಳಿಗೆ ಸೈಕಲ್ ಇಲ್ಲವಾ? ಹೊಸದು ಕೊಳ್ಳುವ ಅವಸರ ಬೇಡ. ಸಂಘದ ಸದಸ್ಯರ ಮನೆಗಳಲ್ಲಿ ಮಕ್ಕಳು ಬೆಳೆದು ಮೂಲೆ ಸೇರಿದ ಸೈಕಲ್‌ಗಳಿವೆ. ಮಗುವಿನ ಎತ್ತರ ಹೇಳಿ ಕಳಿಸಿ, ಶನಿವಾರ ಸಂಜೆಯೊಳಗೆ ಗಾಳಿ ಹೊಡೆಸಿ ತಂದು ಕೊಡುತ್ತೇವೆ.