ಮರುಭೂಮಿಯ ಸೈಕಲ್ ಪ್ರಯಾಣಕ್ಕೆ ಸೀಟು ಹೊಂದಿಸಿಕೊಂಡ ಬಗೆ

ಸೈಕಲ್ಲಿನ ಸೀಟು ನಮ್ಮ ಮೈಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಏರಿಳಿತದ ದಾರಿಗಳಲ್ಲಿ ಬೇಗನೆ ಗೊತ್ತಾಗುವುದಿಲ್ಲ. ಏರು ಬಂದಾಗ ಪೆಡಲಿನ ಮೇಲೆ ಎದ್ದು ನಿಲ್ಲುತ್ತೇವೆ, ಇಳಿಜಾರಿನಲ್ಲಿ ತುಳಿಯುವುದನ್ನು ಬಿಟ್ಟು ಮೈಯನ್ನು ಸಡಿಲಿಸುತ್ತೇವೆ, ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತೇವೆ. ಹೀಗೆ ನಮಗೆ ಅರಿವಿಲ್ಲದೆಯೇ ಕುಳಿತ ಜಾಗಕ್ಕೆ ಆಗಾಗ ಬಿಡುವು ಸಿಗುತ್ತಿರುತ್ತದೆ. ಮರುಭೂಮಿಯ ಸಮತಟ್ಟಾದ ನೇರ ರಸ್ತೆಯಲ್ಲಿ ಈ ಬಿಡುವು ಇರುವುದಿಲ್ಲ. ಎದುರುಗಾಳಿ ಬೀಸುತ್ತಿದ್ದರೆ ಅರೆಗಳಿಗೆ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲಿನ ವೇಗ ಕುಸಿಯುತ್ತದೆ, ಚೀಲಗಳ ಮತ್ತು ನೀರಿನ ಭಾರ ಹೊತ್ತ ಸೈಕಲ್ಲನ್ನು ಎದ್ದು ನಿಂತು ತುಳಿಯಹೊರಟರೆ ಅದು ತೂರಾಡುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತಿರಬೇಕಾದ ಈ ಪರಿಸ್ಥಿತಿಯನ್ನೇ ಮುಂದಿಟ್ಟುಕೊಂಡು ನಾನು ಸೀಟನ್ನು ಆರಿಸಿಕೊಂಡೆ.

ಮೆತ್ತನೆಯ ಸೀಟೇ ಸುಖದ ಸೀಟು ಎಂಬ ನಂಬಿಕೆಯನ್ನು ಮೊದಲು ಬದಿಗಿರಿಸಬೇಕು. ಸೈಕಲ್ ಮೇಲೆ ಕುಳಿತಾಗ ದೇಹದ ಭಾರವನ್ನು ಹೊರಬೇಕಾದದ್ದು ಸೊಂಟದ ಎಲುಬಿನ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಉಬ್ಬುಮೂಳೆಗಳು. ದಪ್ಪ ಸ್ಪಂಜಿನ ಅಥವಾ ಜೆಲ್ ತುಂಬಿದ ಸೀಟಿನಲ್ಲಿ ಈ ಮೂಳೆಗಳು ಆಳಕ್ಕೆ ಇಳಿಯುತ್ತವೆ, ಅವುಗಳ ನಡುವಿನ ಸ್ಪಂಜು ಮೇಲಕ್ಕೆ ಉಬ್ಬಿ ತೊಡೆಸಂದಿನ ಮೃದು ಭಾಗವನ್ನು ಒತ್ತುತ್ತದೆ. ಆ ಭಾಗದಲ್ಲಿ ನರಗಳೂ ರಕ್ತನಾಳಗಳೂ ಹಾದುಹೋಗುವುದರಿಂದ ಸ್ವಲ್ಪ ಹೊತ್ತಿನಲ್ಲಿಯೇ ಜೋಮು ಹಿಡಿಯುತ್ತದೆ. ಇದು ಸಹಿಸಿಕೊಂಡು ಮುಂದುವರಿಯಬೇಕಾದ ತೊಂದರೆಯಲ್ಲ. ಜೋಮು ಹಿಡಿದರೆ ಕೂಡಲೇ ಇಳಿದು ಸೀಟಿನ ಅಳತೆ ಅಥವಾ ಓರೆಯನ್ನು ಬದಲಿಸಬೇಕು ಎಂಬುದು ನನ್ನ ನಿಯಮ. ಮೆತ್ತನೆಯ ಸೀಟು ಶಾಖವನ್ನೂ ಬೆವರನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮರುಭೂಮಿಯ ಮಟ್ಟಿಗೆ ಇನ್ನೂ ಒಂದು ದೋಷ.

ಎರಡು ಮೂಳೆಗಳ ನಡುವಿನ ಅಂತರ ಗೊತ್ತಾದರೆ ಸೀಟಿನ ಅಗಲದ ಪ್ರಶ್ನೆ ಅರ್ಧ ಬಗೆಹರಿದಂತೆ. ಗಟ್ಟಿಯಾದ ಮೆಟ್ಟಿಲಿನ ಮೇಲೆ ಪ್ಯಾಕಿಂಗ್ ರಟ್ಟಿನ ತುಂಡೊಂದನ್ನು ಇಟ್ಟು, ತೆಳುವಾದ ಬಟ್ಟೆ ತೊಟ್ಟು, ಅದರ ಮೇಲೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಕುಳಿತರೆ ರಟ್ಟಿನಲ್ಲಿ ಎರಡು ತಗ್ಗುಗಳು ಮೂಡುತ್ತವೆ. ಒಂದು ತಗ್ಗಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆಯಬೇಕು. ವಯಸ್ಕರಲ್ಲಿ ಈ ಅಂತರ ಸಾಮಾನ್ಯವಾಗಿ 100ರಿಂದ 140 ಮಿಲಿಮೀಟರ್ ಆಸುಪಾಸಿನಲ್ಲಿ ಇರುತ್ತದೆ, ದೇಹದ ಗಾತ್ರ ನೋಡಿ ಅದನ್ನು ಊಹಿಸಲಾಗದು. ಸೀಟಿನ ಹಿಂಭಾಗ ಇದಕ್ಕಿಂತ 20ರಿಂದ 30 ಮಿಲಿಮೀಟರ್ ಹೆಚ್ಚು ಅಗಲವಿದ್ದರೆ ಮೂಳೆಗಳು ಅಂಚಿನ ಮೇಲಲ್ಲದೆ ಸಮತಳದ ಮೇಲೆ ಕೂರುತ್ತವೆ. ಬೆನ್ನು ನೆಟ್ಟಗಿದ್ದಷ್ಟೂ ಅಗಲ ಹೆಚ್ಚು ಬೇಕು, ಬಾಗಿದಷ್ಟೂ ಕಡಿಮೆ ಸಾಕು. ಮರುಭೂಮಿಯ ತೊಡಕು ಇರುವುದು ಇಲ್ಲಿಯೇ. ಗಾಳಿಯಿಲ್ಲದ ಬೆಳಗಿನಲ್ಲಿ ನೆಟ್ಟಗೆ ಕುಳಿತು ತುಳಿಯುವ ಅದೇ ಮನುಷ್ಯ ಮಧ್ಯಾಹ್ನ ಎದುರುಗಾಳಿ ಎದ್ದ ಮೇಲೆ ಹ್ಯಾಂಡಲಿನ ಮೇಲೆ ಬಾಗಿಬಿಡುತ್ತಾನೆ; ಸೊಂಟ ಮುಂದಕ್ಕೆ ಹೊರಳಿ ಭಾರ ಮೂಳೆಗಳಿಂದ ಜಾರಿ ಸೀಟಿನ ಮೂತಿಯ ಕಡೆಗೆ ಸಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ನೆಟ್ಟಗೆ ಕುಳಿತು ನೋಡಿ ಮೆಚ್ಚಿದ ಸೀಟನ್ನು ನಾನು ನಂಬುವುದಿಲ್ಲ. ಎರಡೂ ಭಂಗಿಗಳಲ್ಲಿ ತಲಾ ಒಂದು ಗಂಟೆಯಾದರೂ ಸವಾರಿ ಮಾಡಿ, ಬಾಗಿದಾಗ ಮುಂಭಾಗ ಒತ್ತುವುದಿಲ್ಲ ಎಂಬುದು ಖಚಿತವಾದ ಮೇಲೆಯೇ ಅದನ್ನು ಆರಿಸಿಕೊಳ್ಳುತ್ತೇನೆ. ನಡುವೆ ಉದ್ದನೆಯ ಸೀಳು ಇರುವ ಸೀಟುಗಳು ಈ ಒತ್ತಡವನ್ನು ಹಲವರಲ್ಲಿ ಕಡಿಮೆ ಮಾಡುತ್ತವೆ, ಕೆಲವರಿಗೆ ಆ ಸೀಳಿನ ಅಂಚೇ ಚುಚ್ಚುತ್ತದೆ.

ದೂರ ಪ್ರಯಾಣದವರಲ್ಲಿ ಚರ್ಮದ ಸೀಟಿಗೆ ಇರುವ ಹೆಸರು ಹಳೆಯದು. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆಯ ಸಜ್ಜು ಮತ್ತು ಚರ್ಮದ ಸಾಮಾನುಗಳ ಕಸುಬಿನಿಂದ ಆರಂಭವಾದ ಬ್ರೂಕ್ಸ್ ಸಂಸ್ಥೆ 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆಯಿತು, ಅದರ ಬಿ17 ಮಾದರಿಯನ್ನು ಇಂದಿಗೂ ಪ್ರವಾಸಿಗರು ಬಳಸುತ್ತಾರೆ. ಇಲ್ಲಿ ಸ್ಪಂಜು ಇರುವುದಿಲ್ಲ. ಹಿಂದಿನ ಮತ್ತು ಮುಂದಿನ ಲೋಹದ ಭಾಗಗಳ ನಡುವೆ ದಪ್ಪ ಚರ್ಮವನ್ನು ಜೋಲಿಯಂತೆ ಬಿಗಿದಿರುತ್ತಾರೆ, ಅದು ಸವಾರನ ಮೂಳೆಗಳಿಗೆ ತಕ್ಕಂತೆ ನಿಧಾನವಾಗಿ ತಗ್ಗು ಬೀಳುತ್ತದೆ. ನೂರಾರು ಕಿಲೋಮೀಟರ್ ಸವಾರಿಯ ನಂತರವೇ ಅದು ಒಗ್ಗುವುದರಿಂದ ಹೊಸ ಚರ್ಮದ ಸೀಟನ್ನು ನೇರವಾಗಿ ಮರುಭೂಮಿಗೆ ಒಯ್ಯುವುದು ಜಾಣತನವಲ್ಲ. ನಾನು ಚರ್ಮವನ್ನೇ ಆರಿಸಿಕೊಂಡೆ, ಅದನ್ನು ಪ್ರಯಾಣಕ್ಕೆ ಬಹಳ ಮುಂಚೆಯೇ ಪಳಗಿಸಿಕೊಂಡೆ. ಬೆವರಿಗೆ ನೆನೆದು ಒಣಬಿಸಿಲಿಗೆ ಒಣಗುವ ಚರ್ಮ ಬಿರುಕು ಬಿಡುವ ಸಂಭವ ಇರುವುದರಿಂದ, ತಯಾರಕರು ಸೂಚಿಸುವ ಮೇಣವನ್ನು ತೆಳುವಾಗಿ ಹಚ್ಚುತ್ತೇನೆ. ಎಣ್ಣೆಯಲ್ಲಿ ನೆನೆಸಿದರೆ ಚರ್ಮ ಸಡಿಲಾಗಿ ಜೋತುಬೀಳುತ್ತದೆ. ಮೂತಿಯ ಕೆಳಗಿನ ಬಿಗಿ ಬೋಲ್ಟನ್ನು ಚರ್ಮ ನಿಜವಾಗಿ ಜಗ್ಗಿದಾಗ ಮಾತ್ರ, ಅದೂ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ, ತಿರುಗಿಸುತ್ತೇನೆ. ಇಷ್ಟು ಆರೈಕೆ ಬೇಡವೆನ್ನುವವರಿಗೆ ಇದೇ ಬಗೆಯಲ್ಲಿ ಬಿಗಿದ ರಬ್ಬರಿನ ಸೀಟುಗಳೂ ಸಿಗುತ್ತವೆ.

ಸೀಟು ಯಾವುದೇ ಇರಲಿ, ಅದರ ಎತ್ತರ ತಪ್ಪಿದರೆ ಪ್ರಯೋಜನವಿಲ್ಲ. ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ತುಸು ಬಾಗಿಯೇ ಇರಬೇಕು. ಎತ್ತರ ಹೆಚ್ಚಾದರೆ ಪೆಡಲನ್ನು ಮುಟ್ಟಲು ಸೊಂಟ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಗಂಟೆಗೆ ಸಾವಿರಾರು ಬಾರಿ ನಡೆಯುವ ಈ ಓಲಾಟದಿಂದಲೇ ತೊಡೆಯ ಒಳಭಾಗ ತರಚಿಕೊಳ್ಳುತ್ತದೆ. ಎತ್ತರ ಕಡಿಮೆಯಾದರೆ ಕಾಲುಗಳು ಹೊರಬೇಕಾದ ಭಾರವೂ ಸೀಟಿನ ಮೇಲೆ ಬೀಳುತ್ತದೆ, ಮಂಡಿಯ ಮುಂಭಾಗ ನೋಯತೊಡಗುತ್ತದೆ. ಓರೆಯನ್ನು ನೋಡಲು ಗಾರೆಯವರು ಬಳಸುವ ರಸಮಟ್ಟಕ್ಕಿಂತ ಉತ್ತಮ ಸಾಧನ ಇಲ್ಲ. ನಾನು ಸಮತಲದಿಂದ ಆರಂಭಿಸಿ ಮೂತಿಯನ್ನು ಕೂದಲೆಳೆಯಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿ ನೋಡಿದೆ. ಮೂತಿ ಮೇಲಿದ್ದರೆ ತೊಡೆಸಂದು ಒತ್ತುತ್ತದೆ, ತೀರಾ ಕೆಳಗಿದ್ದರೆ ಮೈ ಮುಂದಕ್ಕೆ ಜಾರಿ ಅಂಗೈ ಮತ್ತು ಮಣಿಕಟ್ಟು ಸೋಲುತ್ತವೆ. ಒಂದು ಸಲಕ್ಕೆ ಒಂದೇ ಅಳತೆಯನ್ನು, ಅದೂ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ, ಬದಲಿಸಬೇಕು; ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಈ ಪರೀಕ್ಷೆಯನ್ನು ಪೂರ್ತಿ ಹೊರೆ ಹೇರಿದ ಸೈಕಲ್ಲಿನ ಮೇಲೆಯೇ ಮಾಡಬೇಕು, ಏಕೆಂದರೆ ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, 8ರಿಂದ 10 ಲೀಟರ್ ಹೊತ್ತ ಸೈಕಲ್ಲಿನ ಹಿಂದಿನ ಟೈರು ತಗ್ಗಿ ಸೀಟಿನ ಓರೆಯೂ ಒಂದಿಷ್ಟು ಬದಲಾಗುತ್ತದೆ.

ವಾಹನಗಳ ಓಡಾಟದಿಂದ ಅಲೆಅಲೆಯಾದ ಮಣ್ಣಿನ ಹಾದಿಗಳಲ್ಲಿ ಸೀಟಿಗಿಂತ ಟೈರು ಹೆಚ್ಚು ನೆರವಾಯಿತು. 50 ಮಿಲಿಮೀಟರ್ ಅಗಲದ ಟೈರಿನಲ್ಲಿ ಗಾಳಿಯನ್ನು ಕಡಿಮೆ ಮಾಡಿಕೊಂಡರೆ ಮೂಳೆಗೆ ಬಡಿಯುವ ಕಂಪನ ಗಣನೀಯವಾಗಿ ತಗ್ಗುತ್ತದೆ. ಸಮತಟ್ಟು ರಸ್ತೆಯಲ್ಲಿಯಾದರೂ ಕಾಲು ಗಂಟೆಗೊಮ್ಮೆ, ನೋವು ಆರಂಭವಾಗುವುದಕ್ಕೆ ಕಾಯದೆ, ಹತ್ತಿಪ್ಪತ್ತು ಸಲ ಎದ್ದು ತುಳಿಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ತೂರಾಟ ತಪ್ಪಿಸಲು ಅದಕ್ಕೆ ಮುನ್ನ ಭಾರದ ಗೇರಿಗೆ ಬದಲಿಸಿಕೊಂಡು ನಿಧಾನವಾಗಿ ತುಳಿಯುತ್ತೇನೆ.

ಇನ್ನು ಉಪ್ಪು ಮತ್ತು ಮರಳಿನ ವಿಷಯ. ಒಣಹವೆಯಲ್ಲಿ ಬೆವರು ಕೂಡಲೇ ಆವಿಯಾಗುವುದರಿಂದ ಮೈ ಒದ್ದೆಯಾದಂತೆ ಅನಿಸುವುದೇ ಇಲ್ಲ, ಅದರ ಉಪ್ಪು ಮಾತ್ರ ಚಡ್ಡಿಯ ಹೊಲಿಗೆಗಳಲ್ಲಿ ಹರಳುಗಟ್ಟುತ್ತದೆ. ಅದಕ್ಕೆ ನಯವಾದ ಧೂಳು ಸೇರಿದರೆ ಚರ್ಮ ಉಜ್ಜಿ ಕೆಂಪಾಗುತ್ತದೆ, ಕೂದಲಿನ ಬುಡದಲ್ಲಿ ಸೋಂಕು ತಗುಲಿ ಗುಳ್ಳೆ ಏಳುತ್ತದೆ, ಅಲಕ್ಷಿಸಿದರೆ ಕುರುವಾಗುತ್ತದೆ. ಸೈಕಲ್ ಸವಾರಿಗೆಂದೇ ಹೊಲಿದ, ಒಳಗೆ ಮೆತ್ತೆಯಿರುವ ಚಡ್ಡಿಯನ್ನು ಒಳಉಡುಪಿಲ್ಲದೆ ತೊಡುವುದು ಸರಿಯಾದ ಕ್ರಮ. ಒಳಉಡುಪಿನ ಹೊಲಿಗೆಯೇ ಮೊದಲು ತರಚುತ್ತದೆ. ಕುಡಿಯುವ ನೀರನ್ನು ಅಳೆದು ಬಳಸುವ ಕಡೆಯಲ್ಲಿಯೂ ಸಂಜೆ ಒಂದು ಲೋಟ ನೀರನ್ನು ಇದಕ್ಕೆಂದು ಮೀಸಲಿಡುತ್ತೇನೆ. ಒದ್ದೆ ಬಟ್ಟೆಯಿಂದ ಉಪ್ಪನ್ನು ಒರೆಸಿ, ಪೂರ್ತಿ ಒಣಗಲು ಬಿಟ್ಟು, ಕೆಂಪಾದ ಜಾಗಕ್ಕೆ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ, ಸಡಿಲವಾದ ಹತ್ತಿ ಬಟ್ಟೆ ತೊಟ್ಟು ಮಲಗುತ್ತೇನೆ. ಸವಾರಿಯ ಚಡ್ಡಿಗಳನ್ನು ಸರದಿಯಂತೆ ಬಳಸುತ್ತೇನೆ, ತೊಳೆಯಲು ನೀರಿಲ್ಲದ ದಿನ ಒಳಮೈ ಹೊರಗೆ ಮಾಡಿ ಕೊಡವಿ ಬಿಸಿಲಿಗೆ ಹರಡುತ್ತೇನೆ. ಗುಳ್ಳೆ ಗಟ್ಟಿಯಾಗಿ ನೋಯತೊಡಗಿದರೆ ಒಂದು ದಿನ ಸೈಕಲ್ ಹತ್ತದಿರುವುದೇ ಮದ್ದು, ಜ್ವರ ಬಂದರೆ ವೈದ್ಯರ ಬಳಿ ಹೋಗಲೇಬೇಕು.

ಸೀಟನ್ನೂ ದಿನದ ಕೊನೆಗೆ ಒಣಬಟ್ಟೆಯಿಂದ ಒರೆಸಿ ಕೆಳಗಿನ ಕಂಬಿಗಳ ಮರಳನ್ನು ಬ್ರಷ್ಷಿನಿಂದ ತೆಗೆಯುತ್ತೇನೆ. ಮಧ್ಯಾಹ್ನ ನಿಲ್ಲಿಸಿದಾಗ ತಿಳಿಬಣ್ಣದ ಬಟ್ಟೆ ಹೊದಿಸುತ್ತೇನೆ, ಇಲ್ಲದಿದ್ದರೆ ಕಪ್ಪು ಸೀಟು ಮತ್ತೆ ಕೂರಲಾಗದಷ್ಟು ಕಾಯುತ್ತದೆ. ಬಸ್ಸಿಗೋ ರೈಲಿಗೋ ಸೈಕಲ್ ಹೇರುವಾಗ ಸೀಟಿನ ಕಂಬವನ್ನು ಇಳಿಸಬೇಕಾಗುವುದರಿಂದ ಸರಿಹೊಂದಿದ ಎತ್ತರದಲ್ಲಿ ಅದಕ್ಕೆ ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಸುತ್ತಿದ್ದೇನೆ, ಪೆಡಲಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಅಳತೆಯನ್ನು ಉಪಕರಣದ ಚೀಲದಲ್ಲಿ ಬರೆದಿಟ್ಟಿದ್ದೇನೆ. ಅಲೆಹಾದಿಯಲ್ಲಿ ದಿನವಿಡೀ ಸಾಗಿದ ಮೇಲೆ ಸೀಟಿನ ಬೋಲ್ಟ್ ಸಡಿಲಾಗಿರುವ ಸಾಧ್ಯತೆ ಇರುವುದರಿಂದ, ಡೇರೆ ಹಾಕುವುದಕ್ಕೆ ಮೊದಲು ಅಲೆನ್ ಕೀ ಹಿಡಿದು ಅದನ್ನೊಮ್ಮೆ ಪರೀಕ್ಷಿಸುತ್ತೇನೆ.